ಗವಿಗಂಗಾಧರೇಶ್ವರನ ಸಂಧ್ಯಾಕಿರಣವೂ ಉತ್ತರಾಯಣ ವಿಚಾರವೂ

1. ಪ್ರಸ್ತಾವ

ಬೆಂಗಳೂರಿನ ದಕ್ಷಿಣಭಾಗದಲ್ಲಿ, ಬಸವನಗುಡಿಗೆ ಸಮೀಪವಾಗಿ, ಕೆಂಪಾಂಬುಧಿ ಕೆರೆಯ ಬಳಿಯಿರುವ ಗವಿಪುರದಲ್ಲಿ ಬಂಡೆಯೊಳಗಣ ಗುಹೆಯೇ ಗರ್ಭಗೃಹವಾಗಿರುವ ಗವಿಗಂಗಾಧರೇಶ್ವರ ದೇವಾಲಯವಿರುವುದು ಸರ್ವವಿದಿತವಾಗಿದೆ. ಮಕರ ಸಂಕ್ರಮಣದ ಸಂಜೆ, ಸೂರ್ಯಾಸ್ತಕ್ಕೆ ಮುಂಚೆ, ಸೂರ್ಯಕಿರಣವು ಗುಹೆಯೊಳಕ್ಕೆ ಪ್ರವೇಶಿಸಿ, ನಂದಿಯ ಕೊಂಬುಗಳ ನಡುವೆ ಹಾದು, ಕೆಲವು ನಿಮಿಷಗಳ ಕಾಲ ಲಿಂಗವನ್ನು ಬೆಳಗುತ್ತದೆ. ಆ ದಿನ ಜಯನಗರ, ಬನಶಂಕರಿ ಮೊದಲಾದ ಸಮೀಪದ ಬಡಾವಣೆಗಳಿಂದಲೂ ದೂರದ ಊರುಗಳಿಂದಲೂ ಜನರು ಬಂದು ನೆರೆಯುತ್ತಾರೆ. ‘ಇಂದಿನಿಂದ ಉತ್ತರಾಯಣವು ಮೊದಲಾಯಿತು, ದಕ್ಷಿಣದಿಂದ ಉತ್ತರಕ್ಕೆ ತಿರುಗುವ ರವಿಯು ಈಶ್ವರನಿಗೆ ನಮಸ್ಕರಿಸಿ ಹೊರಡುವನು’ ಎಂಬುದು ಲೋಕರೂಢಿಯ ಮಾತು. ಪಾಠಶಾಲೆಗಳಲ್ಲಿಯೂ ಇದೇ ಮಾತನ್ನು ಹೇಳಿಕೊಡುವುದುಂಟು.

ಈ ವಾಕ್ಯದಲ್ಲಿ ಎರಡು ಸಂಗತಿಗಳು ಬೆರೆತಿವೆ. ಕಿರಣವು ಬೀಳುವುದು ಪ್ರತ್ಯಕ್ಷ, ಅದರಲ್ಲಿ ವಿವಾದವಿಲ್ಲ. ಆದರೆ ಆ ದಿನವೇ ಉತ್ತರಾಯಣದ ಆರಂಭವೆಂಬುದು ಪ್ರತ್ಯಕ್ಷಸಿದ್ಧವೇ, ಅಥವಾ ಕೇವಲ ರೂಢಿಯೇ ಎಂಬುದು ವಿಚಾರಣೀಯವಾಗಿದೆ. ಇತ್ತೀಚಿನ ಸಂಶೋಧನೆಯು ಈ ವಿಷಯಕ್ಕೆ ಹೊಸ ಸಾಧನವನ್ನು ಒದಗಿಸಿದೆ. ಶಾಸನಗಳ ಕಾಲನಿರ್ಣಯಕ್ಕೂ, ಆ ಮೂಲಕ ಕವಿಕಾಲನಿರ್ಣಯಕ್ಕೂ ಸಂಬಂಧವಿರುವುದರಿಂದ ಸಾಹಿತ್ಯಾಧ್ಯಾಪಕರಿಗೂ ಇದು ಅವಶ್ಯಜ್ಞೇಯವಾಗಿದೆ.

2. ನವೀನ ಸಂಶೋಧನೆ

ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದಲ್ಲಿದ್ದ ವಿದುಷಿ ಬಿ. ಎಸ್. ಶೈಲಜಾ ಅವರು, ಜಯಂತ್ ವ್ಯಾಸನಕೆರೆ ಮತ್ತು ಕೆ. ಸುಧೀಶ್ ಎಂಬವರೊಡನೆ ಈ ದೇವಾಲಯವನ್ನು ಖಗೋಳದೃಷ್ಟಿಯಿಂದ ಪರೀಕ್ಷಿಸಿ, 2008ರ ಡಿಸೆಂಬರಿನಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಲೇಖನವೊಂದನ್ನು ಪ್ರಕಟಿಸಿದರು. ಅವರ ನಿರ್ಣಯಗಳಲ್ಲಿ ಎರಡು ಪ್ರಕೃತ ವಿಷಯಕ್ಕೆ ಮುಖ್ಯವಾದವು.

ಮೊದಲನೆಯದು: ಲಿಂಗದ ಮೇಲೆ ಕಿರಣವು ವರ್ಷಕ್ಕೆ ಒಂದು ಸಲವಲ್ಲ, ಎರಡು ಸಲ ಬೀಳುತ್ತದೆ. ಜನವರಿ 13ರಿಂದ 16ರವರೆಗಿನ ಸಂಜೆಗಳಲ್ಲಿ ಒಮ್ಮೆ. ನವೆಂಬರ್ 26ರಿಂದ ಡಿಸೆಂಬರ್ 2ರವರೆಗಿನ ಸಂಜೆಗಳಲ್ಲಿ ಮತ್ತೊಮ್ಮೆ. ಜನವರಿಯಲ್ಲಿ ನೆರೆಯುವ ಜನಸಂದಣಿಯು ನವೆಂಬರಿನಲ್ಲಿ ಇಲ್ಲದಿರುವುದರಿಂದ ಎರಡನೆಯದು ಜನರ ಗಮನಕ್ಕೆ ಬಾರದೆ ಹೋಯಿತು.

ಎರಡನೆಯದು: 1792ರಲ್ಲಿ ಥಾಮಸ್ ಡೇನಿಯಲ್ ಮತ್ತು ವಿಲಿಯಂ ಡೇನಿಯಲ್ ಎಂಬ ಆಂಗ್ಲ ಚಿತ್ರಕಾರರು ಈ ದೇವಾಲಯವನ್ನು ಚಿತ್ರಿಸಿದ್ದರು. ಆ ಚಿತ್ರಗಳನ್ನು ಇಂದಿನ ಕಟ್ಟಡದೊಡನೆ ಹೋಲಿಸಿದರೆ, ಅಂದು ಗುಹೆಯ ಮುಂದೆ ಇಷ್ಟು ಕಟ್ಟಡಗಳಿರಲಿಲ್ಲವೆಂದು ತಿಳಿದುಬರುತ್ತದೆ. ಮುಂಭಾಗವು ತೆರೆದಿದ್ದ ಆ ಕಾಲದಲ್ಲಿ ದಕ್ಷಿಣಾಯನ ಮತ್ತು ಉತ್ತರಾಯಣಗಳ ಸಂಧಿದಿನಗಳಲ್ಲಿಯೇ ಒಳಗೆ ಬೆಳಕು ಬೀಳುತ್ತಿತ್ತೆಂದೂ, ಅನಂತರ ಸೇರಿದ ಗೋಡೆ ಕಿಟಕಿಗಳಿಂದ ಬೆಳಕಿನ ದಾರಿಯು ಬದಲಾಯಿತೆಂದೂ ಅವರು ತೀರ್ಮಾನಿಸಿದರು.

3. ಉಪಪತ್ತಿ

ವರ್ಷಕ್ಕೆ ಎರಡು ಸಲ ಕಿರಣವು ಬೀಳುವುದಕ್ಕೆ ಕಾರಣವೇನೆಂದರೆ: ಸೂರ್ಯನು ವಿಷುವದ್ವೃತ್ತದಿಂದ ದಕ್ಷಿಣಕ್ಕೋ ಉತ್ತರಕ್ಕೋ ಸರಿದಿರುವ ದೂರಕ್ಕೆ ಕ್ರಾಂತಿಯೆಂದು ಹೆಸರು. ಅದರ ಪರಮಾವಧಿಯು ಇಂದು 23 ಅಂಶ 26 ಕಲೆ. ಸಿದ್ಧಾಂತಕಾರರು ಸ್ಥೂಲವಾಗಿ 24 ಅಂಶವೆಂದು ಗ್ರಹಿಸಿದ್ದರು. ಅಸ್ತಮಿಸುವ ಸೂರ್ಯನು ಪಶ್ಚಿಮಬಿಂದುವಿನಿಂದ ಎಷ್ಟು ಸರಿದಿರುವನೆಂಬುದು ಅಗ್ರೆ. ಕ್ರಾಂತಿಯು ಹೆಚ್ಚಿದಂತೆ ಅಗ್ರೆಯೂ ಹೆಚ್ಚುವುದು. ಬೆಂಗಳೂರಿನ ಅಕ್ಷಾಂಶವು ಸುಮಾರು 13 ಆದುದರಿಂದ, ದಕ್ಷಿಣದ ಪರಮಕ್ರಾಂತಿಯ ದಿನ ಅಗ್ರೆಯು ಸುಮಾರು 24 ಅಂಶ. ಜನವರಿ 14ರಂದು, ಕ್ರಾಂತಿಯು 21 ಅಂಶ 20 ಕಲೆಯಷ್ಟಿರುವಾಗ, ಸುಮಾರು 22 ಅಂಶ.

ಸೂರ್ಯನು ದಕ್ಷಿಣಕ್ಕೆ ಸರಿಯುವಾಗ ಒಂದು ಸ್ಥಾನವನ್ನು ದಾಟಿ, ತುತ್ತತುದಿಯನ್ನು ಮುಟ್ಟಿ, ಹಿಂದಿರುಗುವಾಗ ಅದೇ ಸ್ಥಾನವನ್ನು ಮತ್ತೆ ದಾಟಲೇಬೇಕು. ಆದುದರಿಂದ, ತುತ್ತತುದಿಯ ದಿನವೊಂದನ್ನು ಬಿಟ್ಟರೆ, ಯಾವ ಕಿಂಡಿಯ ಮೂಲಕ ಬರುವ ಕಿರಣವಾದರೂ ವರ್ಷಕ್ಕೆ ಎರಡು ಸಲ ಒಂದೇ ಗುರಿಯನ್ನು ತಾಕುವುದು ನಿಯತ. ಆ ಎರಡು ದಿನಗಳ ಮಧ್ಯಬಿಂದುವೇ ಅಯನಸಂಧಿ.

ಈ ನ್ಯಾಯವನ್ನು ಗವಿಪುರಕ್ಕೆ ಅನ್ವಯಿಸಿ ನೋಡಬಹುದು. ನವೆಂಬರ್ 26 ಮತ್ತು ಡಿಸೆಂಬರ್ 2ರ ನಡುವಣ ದಿನ ನವೆಂಬರ್ 29. ಜನವರಿ 13 ಮತ್ತು 16ರ ನಡುವಣ ಕಾಲ ಜನವರಿ 14–15. ನವೆಂಬರ್ 29ರಿಂದ ಅಲ್ಲಿಯವರೆಗೆ ಸುಮಾರು 46 ದಿನಗಳು. ಅದರ ಅರ್ಧ 23. ನವೆಂಬರ್ 29ಕ್ಕೆ 23 ದಿನಗಳನ್ನು ಕೂಡಿಸಿದರೆ ದೊರೆಯುವುದು ಡಿಸೆಂಬರ್ 22. ಸೂರ್ಯನು ಪರಮಕ್ರಾಂತಿಯಿಂದ ಹಿಂದಿರುಗುವುದು ಪ್ರತಿವರ್ಷವೂ ಡಿಸೆಂಬರ್ 21 ಅಥವಾ 22ರಂದೇ. ಹೀಗೆ, ಯಾವ ಗುಹೆಯ ಬೆಳಕನ್ನು ತೋರಿಸಿ ಜನವರಿ 14ರಂದು ಉತ್ತರಾಯಣವು ಮೊದಲಾಯಿತೆಂದು ಹೇಳುವರೋ, ಆ ಗುಹೆಯ ಬೆಳಕೇ ಉತ್ತರಾಯಣವು 23 ದಿನಗಳ ಹಿಂದೆ ಮೊದಲಾಯಿತೆಂಬುದಕ್ಕೆ ಸಾಕ್ಷಿಯಾಗಿದೆ.

ಕಿರಣವು ಒಂದೇ ದಿನವಲ್ಲದೆ ಕೆಲವು ದಿನಗಳು ಕಾಣುವುದಕ್ಕೂ ಕಾರಣವು ಸುಲಭ. ಜನವರಿ ಮಧ್ಯದಲ್ಲಿ ಸೂರ್ಯನ ಕ್ರಾಂತಿಯು ದಿನವೊಂದಕ್ಕೆ ಸುಮಾರು 10 ಕಲೆಗಳಷ್ಟು ಬದಲಾಗುತ್ತದೆ. ಸೂರ್ಯಬಿಂಬದ ವ್ಯಾಸವು ಸುಮಾರು 32 ಕಲೆ. ಬಿಂಬವು ತನ್ನ ಅಗಲದಷ್ಟು ಸರಿಯಲು ಮೂರು ದಿನಗಳಾದರೂ ಬೇಕು. 2021ರ ಸಂಕ್ರಾಂತಿಯ ಸಂಜೆ ಮೋಡ ಮುಸುಕಿ ಕಿರಣವು ಕಾಣದೆ ಹೋದಾಗ ಕೆಲವರು ಅಪಶಕುನವೆಂದು ಕಳವಳಪಟ್ಟರು. ಅದೇ ಕಿರಣವು ನವೆಂಬರಿನ ಕೊನೆಯಲ್ಲಿಯೂ ಬರತಕ್ಕದ್ದೆಂಬುದು ತಿಳಿದಿದ್ದರೆ ಆ ಕಳವಳಕ್ಕೆ ಅವಕಾಶವಿರುತ್ತಿರಲಿಲ್ಲ.

4. ಅಯನಚಲನ

ಹಾಗಾದರೆ ಉತ್ತರಾಯಣ ಮತ್ತು ಮಕರ ಸಂಕ್ರಮಣಗಳೆರಡಕ್ಕೂ ಒಂದೇ ದಿನವೆಂಬ ಭಾವನೆಯು ಹೇಗೆ ಬಂತು? ಇದು ನಿರ್ಮೂಲವಾದ ಭ್ರಾಂತಿಯಲ್ಲ. ಒಂದು ಕಾಲದಲ್ಲಿ ಎರಡೂ ಒಂದೇ ಆಗಿದ್ದವು.

ವೇದಾಂಗಜ್ಯೋತಿಷದಲ್ಲಿ ಉತ್ತರಾಯಣವು ಧನಿಷ್ಠಾ ನಕ್ಷತ್ರದ ಆದಿಯಲ್ಲಿ ಮೊದಲಾಗುವುದೆಂದು ಹೇಳಿದೆ. ಕ್ರಿ. ಶ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ಆದಿತ್ಯಚಾರಾಧ್ಯಾಯದಲ್ಲಿ ಪೂರ್ವಶಾಸ್ತ್ರಗಳ ಈ ಮಾತನ್ನು ಸ್ಮರಿಸಿ, ತನ್ನ ಕಾಲದಲ್ಲಿ ಉತ್ತರಾಯಣವು ಮಕರದ ಆದಿಯಿಂದಲೂ ದಕ್ಷಿಣಾಯನವು ಕರ್ಕಾಟಕದ ಆದಿಯಿಂದಲೂ ಪ್ರವರ್ತಿಸುವುದೆಂದು ತಿಳಿಸಿದ್ದಾನೆ. ಅಷ್ಟಕ್ಕೇ ನಿಲ್ಲದೆ, ವ್ಯತ್ಯಾಸ ಕಂಡುಬಂದರೆ ಪ್ರತ್ಯಕ್ಷಪರೀಕ್ಷೆಯಿಂದಲೇ ನಿರ್ಣಯಿಸಬೇಕೆಂದು ವಿಧಿಸಿ, ಅದಕ್ಕೆ ಎರಡು ಉಪಾಯಗಳನ್ನು ಸೂಚಿಸಿದ್ದಾನೆ: ಉದಯಾಸ್ತಗಳಲ್ಲಿ ಸೂರ್ಯನನ್ನು ದೂರದ ಒಂದು ಗುರುತಿನೊಡನೆ ಹೊಂದಿಸಿ ನೋಡುವುದು ಒಂದು, ದೊಡ್ಡ ಮಂಡಲದಲ್ಲಿ ಶಂಕುಚ್ಛಾಯೆಯ ಪ್ರವೇಶ ನಿರ್ಗಮಗಳನ್ನು ಗುರುತಿಸುವುದು ಮತ್ತೊಂದು. ಗವಿಪುರದ ಗುಹೆಯಲ್ಲಿ ನಡೆಯುವುದು ಮೊದಲನೆಯ ಉಪಾಯವಲ್ಲದೆ ಬೇರೆಯಲ್ಲ. ಅಲ್ಲಿ ಗುರುತು ದೂರದಲ್ಲಿರುವುದಕ್ಕೆ ಬದಲಾಗಿ ಒಳಗಿದೆ, ಅಷ್ಟೇ.

ಅಯನಬಿಂದುಗಳು ಹೀಗೆ ಹಿಂದೆ ಸರಿಯುವುದಕ್ಕೆ ಅಯನಚಲನವೆಂದು ಹೆಸರು. ಸೂರ್ಯಸಿದ್ಧಾಂತದಂತೆ ಅದರ ವಾರ್ಷಿಕಗತಿಯು 54 ವಿಕಲೆ. ಆದರೆ ಆ ಗ್ರಂಥವು ಅದನ್ನು 27 ಅಂಶಗಳವರೆಗೆ ಹೋಗಿ ಹಿಂದಿರುಗುವ ಆಂದೋಲನವೆಂದು ಎಣಿಸುತ್ತದೆ. ಹತ್ತನೆಯ ಶತಮಾನದ ಮುಂಜಾಲನು ಅದನ್ನು ಪೂರ್ಣಭ್ರಮಣವೆಂದೇ ಗ್ರಹಿಸಿದನು. 1150ರಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದ ಭಾಸ್ಕರಾಚಾರ್ಯನು ಮುಂಜಾಲನ ಮತವನ್ನು ಉಲ್ಲೇಖಿಸಿದ್ದಾನೆ. ಆಧುನಿಕಗಣಿತದಂತೆ ಗತಿಯು ವರ್ಷಕ್ಕೆ 50 ವಿಕಲೆಗಿಂತ ಸ್ವಲ್ಪ ಹೆಚ್ಚು, ಎಂದರೆ ಸುಮಾರು 72 ವರ್ಷಗಳಿಗೆ ಒಂದು ಅಂಶ. ಚಲನವು ಆಂದೋಲನವಲ್ಲ, ಏಕಮುಖವೇ. ಭೂಮಿಯ ಅಕ್ಷವು ತಿರುಗುವ ಬುಗುರಿಯ ತಲೆಯಂತೆ ಮೆಲ್ಲನೆ ಸುತ್ತುವುದೇ ಇದಕ್ಕೆ ಕಾರಣ. ಇಂದು ಅಯನಾಂಶವು 24ನ್ನು ದಾಟಿದೆ. ವೇದಾಂಗಕಾಲದಲ್ಲಿ ಧನಿಷ್ಠೆಯ ಆದಿಯಲ್ಲಿದ್ದ ಅಯನಸಂಧಿಯು ವರಾಹಮಿಹಿರನ ಕಾಲಕ್ಕೆ ಉತ್ತರಾಷಾಢೆಯ ಎರಡನೆಯ ಪಾದದ ಆದಿಗೆ ಬಂದು, ಇಂದು ಧನುಸ್ಸಿನ ಮೂಲಾ ನಕ್ಷತ್ರದಲ್ಲಿದೆ.

ದಿನಗಳ ಲೆಕ್ಕದಲ್ಲಿ ಇದನ್ನು ನೆನಪಿಡಲು ಒಂದು ಸುಲಭಮಾರ್ಗವಿದೆ. ಸೂರ್ಯಸಿದ್ಧಾಂತದ ವರ್ಷಮಾನವು ಋತುಚಕ್ರದ ನಿಜವಾದ ವರ್ಷಮಾನಕ್ಕಿಂತ ಸುಮಾರು 24 ನಿಮಿಷ, ಎಂದರೆ ಒಂದು ಘಳಿಗೆ ಹೆಚ್ಚು. ಅರವತ್ತು ಘಳಿಗೆಗೆ ಒಂದು ದಿನ. ಆದುದರಿಂದ ಪ್ರಭವಾದಿ ಅರವತ್ತು ಸಂವತ್ಸರಗಳ ಒಂದು ಚಕ್ರವು ಮುಗಿಯುವಷ್ಟರಲ್ಲಿ ಸಂಕ್ರಮಣವು ಋತುವಿನಿಂದ ಒಂದು ದಿನ ಮುಂದೆ ಹೋಗಿರುತ್ತದೆ. ಸ್ವಾಮಿ ವಿವೇಕಾನಂದರು ಜನಿಸಿದ 1863ರ ಜನವರಿ 12 ಮಕರ ಸಂಕ್ರಾಂತಿಯ ದಿನವಾಗಿತ್ತು. ಇಂದು ಹಬ್ಬವು 14ಕ್ಕೋ 15ಕ್ಕೋ ಬರುತ್ತದೆ. ಕೆಂಪೇಗೌಡನು ಬೆಂಗಳೂರಿನ ಕೋಟೆಯನ್ನು ಕಟ್ಟಿಸಿದನೆನ್ನುವ 1537ರಲ್ಲಿ, ಇಂದಿನ ಪಂಚಾಂಗದ ತಾರೀಖಿಗೆ ಪರಿವರ್ತಿಸಿದರೆ, ಅದು ಜನವರಿ 7ರ ಸುಮಾರಿಗೆ ಬರುತ್ತಿತ್ತು. ಡೇನಿಯಲ್‌ರು ಚಿತ್ರ ಬರೆದಾಗ ಜನವರಿ 10ರ ಸುಮಾರಿಗೆ.

ಇದರಿಂದ ಇನ್ನೊಂದು ಸಂಗತಿಯೂ ಸಿದ್ಧವಾಗುತ್ತದೆ. ಕಿರಣವು ಅನುಸರಿಸುವುದು ಸೂರ್ಯನ ಕ್ರಾಂತಿಯನ್ನು, ಪಂಚಾಂಗದ ರಾಶಿಯನ್ನಲ್ಲ. ಕಿಂಡಿ ಗೋಡೆಗಳು ಇಂದಿನಂತೆಯೇ ಇರುವವರೆಗೆ ಅದು ಜನವರಿ 13–16ರಲ್ಲಿಯೇ ಬೀಳುವುದು. ಸಂಕ್ರಮಣವಾದರೋ ಮುಂದೆ ಮುಂದೆ ಹೋಗುವುದು. ಇನ್ನೆರಡು ಸಂವತ್ಸರಚಕ್ರಗಳು ಕಳೆಯುವ ವೇಳೆಗೆ ಹಬ್ಬವು ಈ ಅವಧಿಯ ಅಂಚನ್ನು ಮುಟ್ಟಿ, ಬಳಿಕ ದಾಟಿಬಿಡುತ್ತದೆ. ಹಬ್ಬಕ್ಕೂ ಬೆಳಕಿಗೂ ಇಂದಿರುವ ಹೊಂದಿಕೆಯು ಕೆಲವು ತಲೆಮಾರುಗಳದು ಮಾತ್ರ; ಅನಾದಿಯಾದುದಲ್ಲ, ಅನಂತವಾದುದೂ ಅಲ್ಲ.

5. ಶಾಸನಗಳ ಕಾಲನಿರ್ಣಯ

ಕನ್ನಡನಾಡಿನ ದಾನಶಾಸನಗಳಲ್ಲಿ ಉತ್ತರಾಯಣ ಸಂಕ್ರಾಂತಿ, ವ್ಯತೀಪಾತ, ಗ್ರಹಣ ಮೊದಲಾದ ಪುಣ್ಯಕಾಲಗಳ ಉಲ್ಲೇಖವು ಹೇರಳವಾಗಿದೆ. ಗ್ರಹಣಾದಿಗಳ ಈ ಉಲ್ಲೇಖಗಳನ್ನು ಶೈಲಜಾ ಅವರು ಗೀತಾ ಕೈದಾಳ ಗಣೇಶ ಅವರೊಡನೆ ಸಂಗ್ರಹಿಸಿ ಗ್ರಂಥರೂಪವಾಗಿ ಪ್ರಕಟಿಸಿರುವುದು ಸ್ತುತ್ಯವಾದ ಕಾರ್ಯ. ಈ ಶಾಸನಗಳನ್ನು ಓದುವವರು ಮೇಲೆ ಹೇಳಿದ ಭೇದವನ್ನು ಮರೆತರೆ ಎರಡು ವಿಧದ ತಪ್ಪುಗಳಾಗುತ್ತವೆ.

ಕ್ರಿ. ಶ. 1100ರ ಸುಮಾರಿನ ಚಾಲುಕ್ಯಶಾಸನವೊಂದರಲ್ಲಿ ಉತ್ತರಾಯಣ ಸಂಕ್ರಾಂತಿಯಂದು ಭೂದಾನವಾಯಿತೆಂದು ಇದೆಯೆಂದು ಭಾವಿಸೋಣ. ಇಂದಿನ ಅಭ್ಯಾಸದಿಂದ ಜನವರಿ 14ನ್ನು ಹಿಡಿದು ವಾರವನ್ನು ಗುಣಿಸುವವನಿಗೆ ಶಾಸನೋಕ್ತವಾದ ವಾರವು ಹೊಂದದು. ಆಕಾಶದ ನಿಜವಾದ ಉತ್ತರಾಯಣವನ್ನೇ ಹಿಡಿಯೋಣವೆಂದು ಅಂದಿನ ಜೂಲಿಯನ್ ಗಣನೆಯ ಡಿಸೆಂಬರ್ 15ನ್ನು ತೆಗೆದುಕೊಳ್ಳುವವನಿಗೂ ಹೊಂದದು. ಏಕೆಂದರೆ ದಾನಿಗಳು ಅನುಸರಿಸಿದುದು ತಮ್ಮ ಕಾಲದ ಸಿದ್ಧಾಂತಪಂಚಾಂಗವನ್ನು. ಅದರಂತೆ ಆಗ ಮಕರ ಸಂಕ್ರಮಣವು ಬರುತ್ತಿದ್ದುದು ಡಿಸೆಂಬರ್ 24 ಅಥವಾ 25ರಂದು. ಅಷ್ಟರಲ್ಲಿಯೇ ಹೆಸರಿಗೂ ಆಕಾಶಕ್ಕೂ ಹತ್ತು ದಿನಗಳ ಅಂತರವು ಬಿದ್ದುಹೋಗಿತ್ತು. ಈ ಮರ್ಮವನ್ನರಿಯದೆ ವಾರವು ಹೊಂದಲಿಲ್ಲವೆಂಬ ಒಂದೇ ಕಾರಣದಿಂದ ಶಾಸನವನ್ನು ಕೂಟವೆಂದು ತಳ್ಳಿಹಾಕಿದರೆ, ಅದರಲ್ಲಿ ಹೆಸರಿಸಿದ ಅರಸನ ಕಾಲವೂ, ಆ ಅರಸನನ್ನು ಆಶ್ರಯಿಸಿದ ಕವಿಯ ಕಾಲವೂ ಅಸ್ಥಿರವಾಗುವುವು. 1896ರಲ್ಲಿ ರಾಬರ್ಟ್ ಸೆವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು ಪ್ರಕಟಿಸಿದ ಭಾರತೀಯ ಪಂಚಾಂಗವಿಷಯಕ ಗ್ರಂಥವೂ, ಆಮೇಲೆ ಎಲ್. ಡಿ. ಸ್ವಾಮಿಕ್ಕಣ್ಣು ಪಿಳ್ಳೆಯವರು ಸಿದ್ಧಪಡಿಸಿದ ಕೋಷ್ಟಕಗಳೂ ಈ ಕೆಲಸಕ್ಕೆ ಇಂದಿಗೂ ಉಪಯುಕ್ತವಾಗಿವೆ.

ಕನ್ನಡದಲ್ಲಿ ಜ್ಯೋತಿಷಗ್ರಂಥರಚನೆಯು 1049ರಷ್ಟು ಹಿಂದೆಯೇ ಶ್ರೀಧರಾಚಾರ್ಯನ ಜಾತಕತಿಲಕದಿಂದ ಕಾಣಬರುತ್ತದೆ. ಅಂತಹ ಗ್ರಂಥಗಳನ್ನು ಪಾಠಹೇಳುವವರಿಗೆ ಸಾಯನ ನಿರಯನಗಳ ಭೇದವು ತಿಳಿಯದಿದ್ದರೆ ಗ್ರಂಥಾರ್ಥವೇ ಸಂಶಯಗ್ರಸ್ತವಾಗುವುದು.

6. ರಾಜ್ಯನೀತಿ

ಈ ಅಂತರವನ್ನು ಸರಕಾರವೂ ಗಮನಿಸದೆ ಇರಲಿಲ್ಲ. 1952ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗಸುಧಾರಣಾ ಸಮಿತಿಯು ನೇಮಕವಾಯಿತು. 1955ರಲ್ಲಿ ಅದರ ವರದಿಯು ಹೊರಬಂತು. ಅದರಂತೆ 1957ರ ಮಾರ್ಚ್ 22, ಎಂದರೆ ಶಕವರ್ಷ 1879ರ ಚೈತ್ರ 1ರಿಂದ, ರಾಷ್ಟ್ರೀಯ ಪಂಚಾಂಗವು ಜಾರಿಗೆ ಬಂತು. ಇದರ ವರ್ಷವು ಸಾಯನ. ವಸಂತವಿಷುವದ ಮರುದಿನ ವರ್ಷಾರಂಭ. ಇದರಲ್ಲಿ ಪೌಷ 1 ಎಂಬುದು ಡಿಸೆಂಬರ್ 22. ಎಂದರೆ ಪೌಷಮಾಸವು ನಿಜವಾದ ಉತ್ತರಾಯಣದೊಡನೆಯೇ ಮೊದಲಾಗುತ್ತದೆ. ಸಮಿತಿಯು ಹಬ್ಬಹರಿದಿನಗಳನ್ನು ಒಮ್ಮೆಗೇ 23 ದಿನ ಹಿಂದಕ್ಕೆ ಎಳೆಯಲಿಲ್ಲ. ಧರ್ಮಕಾರ್ಯಗಳಿಗೆ 23 ಅಂಶ 15 ಕಲೆಯ ಅಯನಾಂಶವನ್ನು ಸ್ಥಿರವಾಗಿಟ್ಟು, ಇನ್ನು ಮುಂದಾದರೂ ಹಬ್ಬಗಳು ಋತುವಿನಿಂದ ದೂರ ಸರಿಯದಂತೆ ತಡೆಯಬೇಕೆಂಬುದು ಅದರ ಸಲಹೆ. ಆದರೆ ಮನೆಮನೆಯ ಪಂಚಾಂಗಗಳು ಹಳೆಯ ಜಾಡಿನಲ್ಲಿಯೇ ನಡೆದುವು. ರಾಷ್ಟ್ರೀಯ ಪಂಚಾಂಗದ ತಾರೀಖು ರಾಜಪತ್ರ, ಆಕಾಶವಾಣಿ ಮೊದಲಾದೆಡೆಗಳಲ್ಲಿ ಉಳಿಯಿತು.

ಅದಕ್ಕೂ ಮೊದಲೇ ಈ ನಾಡಿನ ಬಾಗಲಕೋಟೆಯಲ್ಲಿದ್ದ ವೆಂಕಟೇಶ ಬಾಪೂಜಿ ಕೇತಕರರು ಚಿತ್ರಾನಕ್ಷತ್ರವನ್ನು ಆಧಾರವಾಗಿ ಹಿಡಿದು, ಆಧುನಿಕಗಣಿತವನ್ನು ಸಂಸ್ಕೃತಶ್ಲೋಕಗಳಲ್ಲಿ ನಿಬಂಧಿಸಿ, ದೃಕ್ಪ್ರತ್ಯಯವುಳ್ಳ ಪಂಚಾಂಗಕ್ಕೆ ಮಾರ್ಗ ತೋರಿದ್ದರು. ನೆಪ್ಚೂನಿನ ಆಚೆಗೆ ಗ್ರಹವಿರಬೇಕೆಂದು 1911ರಲ್ಲಿಯೇ ಫ್ರಾನ್ಸಿನ ಜ್ಯೋತಿಷಪರಿಷತ್ತಿನ ಪತ್ರಿಕೆಯಲ್ಲಿ ಗಣಿತಪೂರ್ವಕವಾಗಿ ಬರೆದವರು ಅವರೇ. ಶಾಸ್ತ್ರಾಧ್ಯಯನಕ್ಕೂ ನೂತನವಿಜ್ಞಾನಕ್ಕೂ ವಿರೋಧವಿಲ್ಲವೆಂಬುದಕ್ಕೆ ಅವರ ಜೀವನವೇ ನಿದರ್ಶನ.

2020ರ ರಾಷ್ಟ್ರೀಯ ಶಿಕ್ಷಣನೀತಿಯು ಭಾರತೀಯ ಜ್ಞಾನಪರಂಪರೆಯನ್ನು ಪಾಠಕ್ರಮದಲ್ಲಿ ಸೇರಿಸಬೇಕೆಂದು ವಿಧಿಸಿದೆ. ಆ ವರ್ಷವೇ ಕೇಂದ್ರಸರಕಾರವು ಅದಕ್ಕಾಗಿ ಪ್ರತ್ಯೇಕ ವಿಭಾಗವನ್ನು ಸ್ಥಾಪಿಸಿತು. ಇದು ಸಂತೋಷದ ವಿಷಯ; ಜೊತೆಗೆ ಹೊಣೆಯ ವಿಷಯವೂ ಹೌದು. ಪರಂಪರೆಯ ಹೆಸರಿನಲ್ಲಿ ರೂಢಿಯ ಮಾತನ್ನೇ ಹೇಳಿಕೊಟ್ಟರೆ, ಪರೀಕ್ಷಿಸಿ ನೋಡಿರೆಂದು ವಿಧಿಸಿದ ವರಾಹಮಿಹಿರನ ಪರಂಪರೆಗೇ ಅಪಚಾರವಾಗುವುದು.

7. ಶಂಕಾಪರಿಹಾರ

ಇಲ್ಲಿ ಶಂಕೆಯೊಂದು ಏಳಬಹುದು. ಉತ್ತರಾಯಣವು ಡಿಸೆಂಬರಿನಲ್ಲಿಯೇ ಆಗುವುದಾದರೆ ಜನವರಿಯ ಹಬ್ಬವು ವ್ಯರ್ಥವೇ? ಎಂದರೆ, ಅಲ್ಲ. ಮಕರ ಸಂಕ್ರಮಣವೆಂದರೆ ನಿರಯನಗಣನೆಯಂತೆ ಸೂರ್ಯನು ಮಕರರಾಶಿಯನ್ನು ಪ್ರವೇಶಿಸುವುದು. ಅದು ತನ್ನ ಲೆಕ್ಕದಲ್ಲಿ ಸರಿಯಾಗಿಯೇ ಇದೆ. ಎಳ್ಳುಬೆಲ್ಲಕ್ಕೂ ಸುಗ್ಗಿಗೂ ಸೇರಿದ ಆ ಹಬ್ಬವನ್ನು ಜನರು ತಲೆತಲಾಂತರದಿಂದ ಆಚರಿಸುತ್ತ ಬಂದಿದ್ದಾರೆ. ದೋಷವಿರುವುದು ಹಬ್ಬದಲ್ಲಲ್ಲ; ‘ಇಂದು ಸೂರ್ಯನು ತಿರುಗಿದನು’ ಎಂಬ ವ್ಯಾಖ್ಯಾನದಲ್ಲಿ. ಒಂದು ಕಾಲದಲ್ಲಿ ಏಕಾಧಿಕರಣವಾಗಿದ್ದ ಎರಡು ಸಂಜ್ಞೆಗಳು ಇಂದು ಭಿನ್ನಾಧಿಕರಣಗಳಾಗಿವೆಯೆಂದು ತಿಳಿದು ಹೇಳಿದರೆ ಸಾಕು.

ಇದನ್ನು ಯಾವ ಪಾಠಶಾಲೆಯ ಅಂಗಳದಲ್ಲಾದರೂ ಪರೀಕ್ಷಿಸಬಹುದು. ದ್ವಾದಶಾಂಗುಲದ ಶಂಕುವೊಂದನ್ನು ಸಮತಲದಲ್ಲಿ ನೆಟ್ಟರೆ, ಬೆಂಗಳೂರಿನಲ್ಲಿ ವಿಷುವದಿನದ ಮಧ್ಯಾಹ್ನಚ್ಛಾಯೆಯು, ಎಂದರೆ ಪಲಭೆಯು, ಸುಮಾರು ಎರಡೂಮುಕ್ಕಾಲು ಅಂಗುಲ. ಡಿಸೆಂಬರ್ 22ರ ಮಧ್ಯಾಹ್ನ ಅದು 8 ಅಂಗುಲ 50 ವ್ಯಂಗುಲಗಳಷ್ಟು ಬೆಳೆದು ವರ್ಷದಲ್ಲಿಯೇ ಅತ್ಯಂತ ದೀರ್ಘವಾಗಿರುತ್ತದೆ. ಮಕರ ಸಂಕ್ರಮಣದ ಮಧ್ಯಾಹ್ನ ನೋಡಿದರೆ 8 ಅಂಗುಲ 10 ವ್ಯಂಗುಲಗಳಿಗೆ ಇಳಿದಿರುತ್ತದೆ. ಸೂರ್ಯನು ಅಂದೇ ತಿರುಗುವುದಾಗಿದ್ದರೆ ನೆರಳು ಅಷ್ಟರೊಳಗೆ ಕುಗ್ಗಿರಲು ಸಾಧ್ಯವಿಲ್ಲ. ಏಪ್ರಿಲ್ 24–25 ಮತ್ತು ಆಗಸ್ಟ್ 18ರ ಸುಮಾರಿನಲ್ಲಿ, ಸೂರ್ಯನ ಉತ್ತರಕ್ರಾಂತಿಯು ಊರಿನ ಅಕ್ಷಾಂಶಕ್ಕೆ ಸಮನಾದಾಗ, ಅದೇ ಶಂಕುವಿಗೆ ಮಧ್ಯಾಹ್ನದಲ್ಲಿ ನೆರಳೇ ಇರುವುದಿಲ್ಲ. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯು ನಿರ್ಮಿಸಿದ ಸೂರ್ಯವೀಕ್ಷಣಯಂತ್ರವನ್ನು ಹೊತ್ತ ಆದಿತ್ಯ ನೌಕೆಯು 2023ರ ಸೆಪ್ಟೆಂಬರ್ 2ರಂದು ಹೊರಟು, 2024ರ ಜನವರಿ 6ರಂದು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದ ತನ್ನ ನೆಲೆಯನ್ನು ಸೇರಿತು. ಅಂತಹ ಯಂತ್ರಗಳು ಎಲ್ಲರ ಕೈಗೆ ಎಟುಕುವಂಥವಲ್ಲ. ಶಂಕುವಾದರೋ ಬಡಶಾಲೆಗೂ ಎಟುಕುವ ಯಂತ್ರ.

ಕೊನೆಯದಾಗಿ ದೇವಾಲಯದ ರಕ್ಷಣೆಯ ವಿಚಾರ. ಗವಿಗಂಗಾಧರೇಶ್ವರ ದೇವಾಲಯವು 1961ರ ಕರ್ನಾಟಕ ಪ್ರಾಚೀನ ಸ್ಮಾರಕಗಳ ಅಧಿನಿಯಮದಂತೆ ರಕ್ಷಿತವಾಗಿದೆ. ಆದರೆ ಇಲ್ಲಿ ರಕ್ಷಣೀಯವಾದುದು ಶಿಲೆಯೊಂದೇ ಅಲ್ಲ. ನೈಋತ್ಯದಿಂದ ಗುಹೆಯವರೆಗೆ ಬರುವ ಬೆಳಕಿನ ದಾರಿಯೂ ಸ್ಮಾರಕದ ಅಂಗವೇ. 1792ರ ಬಳಿಕ ಎದ್ದ ಗೋಡೆಗಳು ಅಯನಸಂಧಿಯ ಬೆಳಕನ್ನು ಒಮ್ಮೆ ಮರೆಮಾಡಿದವು. ಯಾರೂ ಬೇಕೆಂದು ಮಾಡಿದುದಲ್ಲ, ಯಾರಿಗೂ ತಿಳಿಯದೆ ಆದುದು. ಆ ದಿಕ್ಕಿನಲ್ಲಿ ಇನ್ನೊಂದು ಎತ್ತರದ ಕಟ್ಟಡವೆದ್ದರೆ ಉಳಿದಿರುವ ಬೆಳಕೂ ಹೋಗಬಹುದು. ಹಾಗೆ ಹೋಗುವುದಕ್ಕೆ ಮುಂಚೆ, ಜನವರಿಯ ಸಂಜೆಗಳ ಜೊತೆಗೆ ನವೆಂಬರಿನ ಸಂಜೆಗಳನ್ನೂ ವರ್ಷವರ್ಷವೂ ಕ್ರಮವಾಗಿ ವೀಕ್ಷಿಸಿ, ಬೆಳಕು ಬಿದ್ದ ದಿನವನ್ನೂ ವೇಳೆಯನ್ನೂ ಸ್ಥಾನವನ್ನೂ ಬರೆದಿಡುವುದು ಸಮೀಪದ ವಿದ್ಯಾಶಾಲೆಗಳವರಿಗೆ ಸುಸಾಧ್ಯವಾದ ಕಾರ್ಯವಾಗಿದೆ.